ಸಾವಿರ ಡಾಲರ್ ಬಿಟ್ಟರು, ರೀಲು ಕೇಳಿದರು: ಲೂಸಿಲ್ ಬಾಲ್ ಪ್ರಕರಣ

1951ರ ಶುರು. ಅಮೆರಿಕದ ನಟಿ ಲೂಸಿಲ್ ಬಾಲ್‌ಗೆ 39 ವರ್ಷ. ಮದುವೆಯಾಗಿ ಹತ್ತು ವರ್ಷ ಕಾದ ಮೇಲೆ ಈಗ ಬಸುರಿ. ಗಂಡ ಡೆಸಿ ಅರ್ನಾಜ್ ಕ್ಯೂಬಾದವರು. ಬ್ಯಾಂಡ್ ಕಟ್ಟಿಕೊಂಡು ಊರೂರು ತಿರುಗುವ ಹಾಡುಗಾರ. ಸಿಬಿಎಸ್ ಚಾನೆಲ್ ಇಬ್ಬರನ್ನೂ ಹಾಕಿಕೊಂಡು ಒಂದು ಟಿವಿ ಕಾಮಿಡಿ ಮಾಡಲು ಒಪ್ಪಿದೆ. ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿ ದುಡ್ಡು ಹಾಕಲು ಮುಂದೆ ಬಂದಿದೆ. ಎಲ್ಲ ಕೂಡಿ ಬಂತು ಅನ್ನುವಾಗ ಆ ಕಡೆಯಿಂದ ಒಂದು ಮಾತು: ನ್ಯೂಯಾರ್ಕ್‌ಗೆ ಬನ್ನಿ, ಅಲ್ಲಿಂದ ಪ್ರತಿ ವಾರ ಲೈವ್ ಮಾಡಿ.

ಗಂಡ ಹೆಂಡತಿ ಇಬ್ಬರೂ ಆಗಲ್ಲ ಅಂದರು.

ಆ ‘ಆಗಲ್ಲ’ ಮತ್ತು ಅದರ ಹಿಂದೆಯೇ ಆದ ರಾಜಿ, ಇವೆರಡೇ ಈ ಪ್ರಕರಣದ ತಿರುಳು. ಲೂಸಿಲ್ ಬಾಲ್ ಬಗ್ಗೆ ಬರೆಯುವವರು ಜಾಸ್ತಿ ಬರೆಯುವುದು ಆಕೆಯ ಮುಖಭಾವ, ಕೆಂಪು ಕೂದಲು, ಬಿದ್ದು ಎದ್ದು ನಗಿಸುವ ಕಲೆಯ ಬಗ್ಗೆ. ಅದೆಲ್ಲ ನಿಜವೇ. ಆದರೆ ಅವರಷ್ಟೇ ನಗಿಸಬಲ್ಲ ನಟಿಯರು ಬೇರೆಯವರೂ ಇದ್ದರು. ಅವರ ಕಾರ್ಯಕ್ರಮಗಳಲ್ಲಿ ಎಷ್ಟೋ ಇವತ್ತು ನೋಡಲು ಸಿಗುವುದಿಲ್ಲ. ಇವರದು ಸಿಗುತ್ತದೆ. ಯಾಕೆ ಅನ್ನುವುದೇ ಪ್ರಶ್ನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ‘ಲೂಸಿಲ್’ ಅಂದರೆ ನಟಿ, ‘ಲೂಸಿ’ ಅಂದರೆ ಆಕೆ ಮಾಡಿದ ಪಾತ್ರ. ಲೂಸಿಗೆ ದುಡ್ಡಿನ ಲೆಕ್ಕ ಬರುತ್ತಿರಲಿಲ್ಲ. ಲೂಸಿಲ್‌ಗೆ ಬರುತ್ತಿತ್ತು, ಇಲ್ಲವೇ ಲೆಕ್ಕ ಬರುವವರನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದರು.

ಮನೆ ಕಳೆದುಕೊಂಡ ಇಬ್ಬರು

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. ಅಪ್ಪ ಟೆಲಿಫೋನ್ ಲೈನ್‌ಮನ್. ಮಗಳಿಗೆ ಮೂರು ವರ್ಷ ಇರುವಾಗ ಟೈಫಾಯ್ಡ್ ಬಂದು ತೀರಿಕೊಂಡರು. ಆಮೇಲೆ ಬೆಳೆದದ್ದು ಹೆಚ್ಚಾಗಿ ಅಮ್ಮನ ತಂದೆಯ ನೆರಳಲ್ಲಿ, ಪಕ್ಕದ ಸೆಲೊರಾನ್ ಎಂಬ ಪುಟ್ಟ ಊರಲ್ಲಿ. ಮೊಮ್ಮಕ್ಕಳನ್ನು ನಾಟಕ, ಕಾಮಿಡಿ ಶೋಗಳಿಗೆ ಕರೆದುಕೊಂಡು ಹೋಗುತ್ತಿದ್ದ ತಾತ.

1927ರ ಬೇಸಿಗೆಯಲ್ಲಿ ಒಂದು ಅನಾಹುತ ಆಯಿತು. ತಾತನ ಮನೆಯಂಗಳದಲ್ಲಿ ಮಕ್ಕಳು ಗುರಿ ಇಟ್ಟು ಬಂದೂಕು ಹೊಡೆಯುತ್ತಿದ್ದರು. ಗುಂಡು ತಪ್ಪಿ ಪಕ್ಕದ ಮನೆಯ ಹುಡುಗನಿಗೆ ತಗುಲಿತು. ಹುಡುಗನ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕೇಸು ಕೋರ್ಟಿಗೆ ಹೋಗಿ ತಾತ ಮನೆಯನ್ನೇ ಕಳೆದುಕೊಂಡರು. ಆಗ ಲೂಸಿಲ್‌ಗೆ ಹದಿನೈದು, ಹದಿನಾರರ ಹತ್ತಿರ.

ಡೆಸಿ ಕಥೆಯೂ ಇದಕ್ಕೆ ಹತ್ತಿರದ್ದೇ. ಕ್ಯೂಬಾದ ಸ್ಯಾಂಟಿಯಾಗೊ ನಗರದ ದೊಡ್ಡ ಮನೆತನದ ಹುಡುಗ, ಅಪ್ಪ ಅಲ್ಲಿನ ಮೇಯರ್. 1933ರಲ್ಲಿ ಕ್ಯೂಬಾದಲ್ಲಿ ಸರ್ಕಾರ ಉರುಳಿತು. ಅಪ್ಪನನ್ನು ಜೈಲಿಗೆ ಹಾಕಿದರು, ಆಸ್ತಿ ಹೋಯಿತು. ಕುಟುಂಬ ಮಯಾಮಿಗೆ ಓಡಿ ಬಂತು. ಅಲ್ಲಿ ಈ ಹುಡುಗನಿಗೆ ಸಿಕ್ಕ ಕೆಲಸಗಳಲ್ಲಿ ಒಂದು, ಕ್ಯಾನರಿ ಹಕ್ಕಿಗಳ ಪಂಜರ ತೊಳೆಯುವುದು.

ಹದಿಹರೆಯದಲ್ಲೇ ಇಬ್ಬರ ಕಾಲ ಕೆಳಗಿನ ನೆಲವೂ ಹೋಗಿತ್ತು. 1951ರಲ್ಲಿ ಇವರು ಸಂಬಳಕ್ಕಿಂತ ಸ್ವಂತದ್ದು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಟ್ಟರು. ಅದರ ಬೇರು ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಅದನ್ನು ಸಾಬೀತು ಮಾಡಲು ಆಗುವುದಿಲ್ಲ, ಬಿಡಿ.

ಹದಿನೇಳು ವರ್ಷದ ಉಮೇದುವಾರಿಕೆ

ಹದಿನೈದಕ್ಕೇ ಲೂಸಿಲ್ ನ್ಯೂಯಾರ್ಕ್‌ನ ನಾಟಕ ಶಾಲೆ ಸೇರಿದ್ದರು. ಆಮೇಲೆ ಹಾಲಿವುಡ್‌ನ ದೊಡ್ಡ ತಾರೆಯಾದ ಬೆಟ್ಟಿ ಡೇವಿಸ್ ಅದೇ ಶಾಲೆಯಲ್ಲಿ ಓದುತ್ತಿದ್ದರು, ಎಲ್ಲರ ಕಣ್ಣೂ ಅವರ ಮೇಲೆ. ಲೂಸಿಲ್ ಬಾಯಿ ಬಿಡಲು ಹೆದರುವ ಹುಡುಗಿ. ಈ ಹುಡುಗಿಗೆ ದುಡ್ಡು ಖರ್ಚು ಮಾಡುವುದು ದಂಡ ಅಂತ ಶಾಲೆಯವರು ಅಮ್ಮನಿಗೆ ತಿಳಿಸಿ ವಾಪಸ್ ಕಳಿಸಿದರು. ಮತ್ತೆ ನ್ಯೂಯಾರ್ಕ್‌ಗೆ ಹೋಗಿ ಬಟ್ಟೆ ಅಂಗಡಿಯ ಮಾಡೆಲ್ ಆದರು. ಕೀಲುನೋವಿನ ಕಾಯಿಲೆ ಬಂದು ಬಹುಕಾಲ ಹಾಸಿಗೆ ಹಿಡಿದರು. ಮತ್ತೆ ಎದ್ದರು, ಮತ್ತೆ ಮಾಡೆಲಿಂಗ್. 1933ರಲ್ಲಿ ಒಂದು ಸಿನಿಮಾಕ್ಕೆ ಕುಣಿಯುವ ಹುಡುಗಿಯರು ಬೇಕಾಗಿದ್ದರು. ಅದಕ್ಕೆ ಅಂತ ಹಾಲಿವುಡ್‌ಗೆ ಹೋದವರು ಅಲ್ಲೇ ಉಳಿದರು.

ಆರ್‌ಕೆಒ ಸ್ಟುಡಿಯೊದಲ್ಲಿ ಏಳು ವರ್ಷ ಸಂಬಳದ ನಟಿ. ಆಮೇಲೆ ಎಂಜಿಎಂ ಸ್ಟುಡಿಯೊ. ಕಂದು ಕೂದಲು ಕೆಂಪಾಗಿದ್ದು ಎಂಜಿಎಂನಲ್ಲಿ. ಸಿನಿಮಾಗಳ ಪಟ್ಟಿ ಉದ್ದವಾಗಿದೆ. ಆದರೆ ಪೋಸ್ಟರ್ ಮೇಲೆ ದೊಡ್ಡ ಅಕ್ಷರದಲ್ಲಿ ಬರುವ ಹೆಸರು ಇವರದಲ್ಲ. ‘ಬಿ ದರ್ಜೆ ಚಿತ್ರಗಳ ರಾಣಿ’ ಅಂತ ಕರೆಯುತ್ತಿದ್ದರು. ಹೊಗಳಿಕೆಯೋ ಬೈಗುಳವೋ ಹೇಳುವುದು ಕಷ್ಟ.

1940ರಲ್ಲಿ ಆರ್‌ಕೆಒದ ಒಂದು ಸಿನಿಮಾ ಸೆಟ್‌ನಲ್ಲಿ ಡೆಸಿ ಸಿಕ್ಕಿದರು. ಆರು ವರ್ಷ ಚಿಕ್ಕವರು. ಅದೇ ವರ್ಷ ನವೆಂಬರ್ 30ಕ್ಕೆ ಮದುವೆ. ಲಾಸ್ ಏಂಜಲೀಸ್ ಹೊರವಲಯದ ಚಾಟ್ಸ್‌ವರ್ತ್‌ನಲ್ಲಿ ಜಮೀನು ಸಮೇತ ಒಂದು ಮನೆ ಕೊಂಡರು. ಡೆಸಿಯ ‘ಡೆಸಿ’, ಲೂಸಿಲ್‌ನ ‘ಲೂ’ ಸೇರಿಸಿ ಮನೆಗೆ ‘ಡೆಸಿಲೂ’ ಅಂತ ಹೆಸರಿಟ್ಟರು. ಆಮೇಲೆ ಜಗತ್ತಿಗೆ ಗೊತ್ತಾದ ಕಂಪನಿಯ ಹೆಸರು ಮೊದಲು ಒಂದು ಮನೆಯ ಹೆಸರಾಗಿತ್ತು.

ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಇದ್ದ ದಿನಗಳು ಕಡಿಮೆ. ಗಂಡ ಬ್ಯಾಂಡ್ ಜೊತೆ ಊರೂರು, ಮಧ್ಯೆ ಸೈನ್ಯದ ಕೆಲಸ. ಹೆಂಡತಿ ಸ್ಟುಡಿಯೊದಲ್ಲಿ. ಡೆಸಿಯ ಕುಡಿತ, ಹೆಂಗಸರ ಸಹವಾಸ ಗುಟ್ಟಾಗಿ ಏನೂ ಇರಲಿಲ್ಲ. 1944ರಲ್ಲಿ ಲೂಸಿಲ್ ವಿಚ್ಛೇದನಕ್ಕೆ ಅರ್ಜಿ ಹಾಕಿ, ಆಮೇಲೆ ರಾಜಿಯಾದರು.

1948ರಲ್ಲಿ ಸಿಬಿಎಸ್ ರೇಡಿಯೊದಲ್ಲಿ ಗಂಡ ಹೆಂಡಿರ ತಮಾಷೆಯ ಒಂದು ಕಾರ್ಯಕ್ರಮ ಶುರುವಾಯಿತು. ಹೆಂಡತಿ ಲೂಸಿಲ್, ಗಂಡನ ಪಾತ್ರ ಬೇರೊಬ್ಬ ನಟನದು. ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು ಮಾಡುತ್ತಿದ್ದ ಕಾರ್ಯಕ್ರಮ. ಜನ ನಕ್ಕಾಗ ಲೂಸಿಲ್‌ಗೆ ತನ್ನೊಳಗೆ ಏನಿದೆ ಅಂತ ಗೊತ್ತಾಯಿತು. ಸಿನಿಮಾ ಸೆಟ್‌ನಲ್ಲಿ ಯಾರೂ ನಗುವುದಿಲ್ಲ ಅಲ್ವಾ, ನಕ್ಕರೆ ಟೇಕ್ ಹಾಳು. ಇಲ್ಲಿ ನಗುವೇ ಕೂಲಿ. ಇದನ್ನು ಟಿವಿಗೆ ತರೋಣ ಅಂದಿತು ಸಿಬಿಎಸ್. ಲೂಸಿಲ್ ಷರತ್ತು ಒಂದೇ: ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು. ದಿನಾ ಒಂದೇ ಕಡೆ ಕೆಲಸ ಸಿಕ್ಕರೆ ರಾತ್ರಿ ಮನೆಗೆ ಬರುತ್ತಾನೆ, ಅಷ್ಟೇ ಆಸೆ.

ಸಿಬಿಎಸ್‌ಗೆ ಇದು ಹಿಡಿಸಲಿಲ್ಲ. ಅಮೆರಿಕದ ಬಿಳಿ ಹೆಂಗಸಿಗೆ ಸ್ಪ್ಯಾನಿಷ್ ಉಚ್ಚಾರಣೆಯ ಗಂಡ ಅಂದರೆ ಯಾರು ನಂಬುತ್ತಾರೆ ಅನ್ನುವುದು ಅವರ ತಕರಾರು. ನಿಜ ಜೀವನದಲ್ಲಿ ಹತ್ತು ವರ್ಷದಿಂದ ಗಂಡ ಹೆಂಡತಿ ಆಗಿದ್ದವರಿಗೆ ಈ ಮಾತು!

ವಾದ ಮಾಡುವುದು ಬಿಟ್ಟು 1950ರಲ್ಲಿ ಇಬ್ಬರೂ ತಮ್ಮದೇ ಶೋ ಕಟ್ಟಿಕೊಂಡು ಊರೂರು ಹೊರಟರು. ಪೆಪಿಟೊ ಅನ್ನುವ ವಿದೂಷಕ ಒಂದು ತಮಾಷೆಯ ಚೆಲ್ಲೊ ವಾದ್ಯ ಮಾಡಿಕೊಟ್ಟು ಪಾಠ ಹೇಳಿದ. ದೊಗಳೆ ಕೋಟು, ಜಜ್ಜಿದ ಟೋಪಿ ಹಾಕಿಕೊಂಡು, ಚೆಲ್ಲೊ ಎಳೆದುಕೊಂಡು ಲೂಸಿಲ್ ವೇದಿಕೆಗೆ ಬರುವುದು, ಡೆಸಿಯ ಬ್ಯಾಂಡ್‌ನಲ್ಲಿ ನನಗೂ ಕೆಲಸ ಕೊಡಿ ಅಂತ ಕಾಡುವುದು. ಜನ ಬಿದ್ದು ಬಿದ್ದು ನಕ್ಕರು. ‘ಯಾರು ನಂಬುತ್ತಾರೆ’ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಅದೇ ಚೆಲ್ಲೊ 1951ರ ಮಾರ್ಚ್‌ನಲ್ಲಿ ಮಾದರಿಗೆ ಅಂತ ತೆಗೆದ ಪೈಲಟ್ ಕಂತಿಗೂ ಬಂತು. ಆಗ ಲೂಸಿಲ್ ಬಸುರಿ. ದೊಗಳೆ ಬಟ್ಟೆ ಹೊಟ್ಟೆಯನ್ನೂ ಮುಚ್ಚಿತು.

ಹೆಸರಿನ ವಿಷಯದಲ್ಲೂ ಒಂದು ಸೂಕ್ಷ್ಮ ಇತ್ತು. ಖ್ಯಾತಿ ಲೂಸಿಲ್‌ದು, ಆಕೆಯ ಹೆಸರೇ ಮೊದಲು ಬರಬೇಕು. ಗಂಡನ ಮಾನವೂ ಉಳಿಯಬೇಕು. ಕೊನೆಗೆ ಇಟ್ಟ ಹೆಸರು ‘ಐ ಲವ್ ಲೂಸಿ’. ಆ ‘ಐ’ ಯಾರು? ಡೆಸಿ. ಒಂದೇ ಅಕ್ಷರದಲ್ಲಿ ಗಂಡನ ಹೆಸರೇ ಮೊದಲು ಬಂತು.

ಸಾವಿರ ಡಾಲರ್

ಈಗ ಮತ್ತೆ ನ್ಯೂಯಾರ್ಕ್ ಜಗಳಕ್ಕೆ ಬರೋಣ. ಸಿಗರೇಟ್ ಕಂಪನಿಯ ಮಾತಿನಲ್ಲಿ ನ್ಯಾಯ ಇಲ್ಲದೇ ಇರಲಿಲ್ಲ.

ಟಿವಿ ಸೆಟ್ ಇದ್ದ ಮನೆಗಳಲ್ಲಿ ಹೆಚ್ಚಿನವು ಪೂರ್ವದ ಕಡೆ ಮತ್ತು ದೇಶದ ಮಧ್ಯದ ಕಡೆ. ಪೂರ್ವ ಪಶ್ಚಿಮ ಕರಾವಳಿಗಳನ್ನು ಜೋಡಿಸುವ ಟಿವಿ ಸಂಪರ್ಕ ಶುರುವಾಗಿದ್ದು 1951ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯ ತನಕ ಒಂದು ಕಡೆಯ ಲೈವ್ ಕಾರ್ಯಕ್ರಮ ಇನ್ನೊಂದು ಕಡೆ ತೋರಿಸಲು ಇದ್ದ ಉಪಾಯ ಕಿನೆಸ್ಕೋಪ್. ಟಿವಿ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು, ಅದರ ಮೇಲೆ ಓಡುತ್ತಿರುವುದನ್ನೇ ಮತ್ತೆ ಸೆರೆಹಿಡಿಯುವುದು. ಫೋಟೊದ ಫೋಟೊ ತೆಗೆದ ಹಾಗೆ. ಮುಖ ಮಸುಕು, ಅಂಚುಗಳೆಲ್ಲ ಕಲಸಿಹೋದ ಹಾಗೆ. ಹಾಲಿವುಡ್‌ನಿಂದ ಲೈವ್ ಮಾಡಿದರೆ ಸಿಗರೇಟ್ ಕೊಳ್ಳುವ ಗಿರಾಕಿಗಳಲ್ಲಿ ಹೆಚ್ಚಿನ ಮಂದಿ ನೋಡುವುದು ಈ ಮಸುಕು ಚಿತ್ರವನ್ನೇ. ದುಡ್ಡು ಹಾಕುವವನು ಇದಕ್ಕೆ ಯಾಕೆ ಒಪ್ಪುತ್ತಾನೆ?

ಡೆಸಿ ಕೊಟ್ಟ ಉತ್ತರ: ಲೈವ್ ಬೇಡ, ಸಿನಿಮಾ ತೆಗೆಯುವ 35 ಎಂಎಂ ಫಿಲ್ಮ್‌ನಲ್ಲೇ ತೆಗೆಯೋಣ. ಪ್ರಿಂಟ್ ಹಾಕಿಸಿ ಎಲ್ಲ ಊರಿಗೂ ಕಳಿಸಿದರೆ ಎಲ್ಲರಿಗೂ ಒಂದೇ ಸಮ ಕಾಣುತ್ತದೆ.

ಖರ್ಚು? ವಾರಕ್ಕೆ ಸಾವಿರಾರು ಡಾಲರ್ ಜಾಸ್ತಿ. ಚಾನೆಲ್ ಸ್ವಲ್ಪ, ಸಿಗರೇಟ್ ಕಂಪನಿ ಸ್ವಲ್ಪ ಹಾಕಿದ ಮೇಲೂ ಲೆಕ್ಕ ಸರಿಹೋಗಲಿಲ್ಲ. ಆಗ ದಂಪತಿಯ ಸಂಭಾವನೆ ಕಡಿತದ ಮಾತು ಬಂತು. ಇಬ್ಬರಿಗೂ ಸೇರಿ ವಾರಕ್ಕೆ 5,000 ಡಾಲರ್ ಅಂತ ಮಾತಾಗಿತ್ತು. ಅದು 4,000ಕ್ಕೆ ಇಳಿಯಬೇಕು. ಡೆಸಿ ಒಪ್ಪಿದರು. ಒಪ್ಪುವಾಗ ಒಂದು ಸಾಲು ಸೇರಿಸಿದರು: ಪ್ರಸಾರ ಆದ ಮೇಲೆ ಆ ಫಿಲ್ಮ್ ದಂಪತಿಯ ಡೆಸಿಲೂ ಕಂಪನಿಗೆ ಸೇರಬೇಕು.

ಆ ಕಡೆಯವರು ಸುಮ್ನೆ ಒಪ್ಪಿದರು. ಇದು ಅವರ ದಡ್ಡತನ ಅಂತ ಇವತ್ತು ಹೇಳುವುದು ಸುಲಭ. 1951ರಲ್ಲಿ ಕೂತು ನೋಡಿ. ಟಿವಿ ಕಾರ್ಯಕ್ರಮ ಅಂದರೆ ರೇಡಿಯೊದ ತಮ್ಮ. ಇವತ್ತು ಬಂತು, ಇವತ್ತೇ ಮುಗಿಯಿತು. ಒಮ್ಮೆ ನೋಡಿದ ತಮಾಷೆಯನ್ನು ಜನ ಮತ್ತೊಮ್ಮೆ ಯಾಕೆ ನೋಡುತ್ತಾರೆ? ಓಡಿಸಿ ಮುಗಿದ ಡಬ್ಬಿ ಫಿಲ್ಮ್ ಅಂದರೆ ಗೋಡೌನ್ ಬಾಡಿಗೆ ಖರ್ಚು ಅಷ್ಟೇ. ಮೊದಲ ಸೀಸನ್‌ನಲ್ಲಿ 35 ಕಂತು. ಕಂತಿಗೆ ಸಾವಿರದ ಲೆಕ್ಕ ಹಿಡಿದರೆ ಆ ವರ್ಷ ದಂಪತಿ ಬಿಟ್ಟುಕೊಟ್ಟದ್ದು ಸುಮಾರು 35,000 ಡಾಲರ್. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವೇನಲ್ಲ.

ಮೂರು ಕ್ಯಾಮೆರಾ, ಮುನ್ನೂರು ಜನ

ಕಾಗದದ ಮೇಲೆ ಒಪ್ಪಂದ ಆಯಿತು. ತೆಗೆಯುವುದು ಹೇಗೆ ಅಂತ ಮಾತ್ರ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಪ್ರೇಕ್ಷಕರಿಲ್ಲದೆ ಲೂಸಿಲ್ ಅರಳುವುದಿಲ್ಲ. ಸಿನಿಮಾ ಥರ ಒಂದೊಂದೇ ಶಾಟ್ ತೆಗೆಯುತ್ತ, ಪ್ರತಿ ಸಲ ಲೈಟು ಬದಲಾಯಿಸುತ್ತ ಕೂತರೆ ಪ್ರೇಕ್ಷಕರು ನಿದ್ದೆ ಹೋಗುತ್ತಾರೆ.

ಡೆಸಿ ಕರೆದದ್ದು ಕಾರ್ಲ್ ಫ್ರಾಯಿಂಡ್ ಅವರನ್ನು. ಜರ್ಮನಿಯ ಮೂಕಿ ಚಿತ್ರಗಳ ಕಾಲದ ಛಾಯಾಗ್ರಾಹಕ, ಕೈಯಲ್ಲಿ ಆಸ್ಕರ್ ಇದ್ದವರು. ಮೂರು ಫಿಲ್ಮ್ ಕ್ಯಾಮೆರಾ ಒಟ್ಟಿಗೆ ಓಡಬೇಕು: ಒಂದು ಇಡೀ ಕೋಣೆಗೆ, ಉಳಿದೆರಡು ಮುಖಗಳಿಗೆ. ದೂರದ ಶಾಟ್‌ಗೆ ಒಂದು ಬೆಳಕು, ಹತ್ತಿರದ ಶಾಟ್‌ಗೆ ಇನ್ನೊಂದು ಅನ್ನುವುದು ಫ್ರಾಯಿಂಡ್ ಜೀವಮಾನವೆಲ್ಲ ಮಾಡಿಕೊಂಡು ಬಂದ ಕೆಲಸ. ಇಲ್ಲಿ ಮೂರಕ್ಕೂ ಒಂದೇ ಬೆಳಕು ಹೊಂದಬೇಕು. ಅವರು ಲೈಟುಗಳನ್ನು ನೆಲದಿಂದ ಎತ್ತಿ ಮೇಲೆ ನೇತುಹಾಕಿದರು, ನೆರಳು ಎಲ್ಲೂ ಗಾಢವಾಗಿ ಬೀಳದ ಹಾಗೆ. ಕಪ್ಪು ಬಿಳುಪು ಅಂಕೆ ಮೀರಬಾರದು ಅಂತ ಸೆಟ್‌ನ ಗೋಡೆಗಳಿಗೆ ಬೂದು ಬಣ್ಣದ ಬೇರೆ ಬೇರೆ ಛಾಯೆ ಬಳಿಸಿದರು. ಮನೆಯ ಕೋಣೆಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಕಟ್ಟಿದರು. ಎದುರಿಗೆ ಮೆಟ್ಟಿಲು ಥರ ಸೀಟುಗಳು, ಸುಮಾರು 300 ಜನ.

ಕ್ಯಾಮೆರಾ ಮೂರು ಇಟ್ಟು ತೆಗೆಯುವುದನ್ನು ಅದಕ್ಕೂ ಮೊದಲು ಬೇರೆಯವರು ಪ್ರಯತ್ನಿಸಿದ್ದರು. ಮೊದಲು ಮಾಡಿದವರು ಇವರೇ ಅಂತ ಎಲ್ಲ ಕಡೆ ಬರೆಯುತ್ತಾರೆ, ಅದು ಅಷ್ಟು ಸರಿಯಲ್ಲ. ಕಥೆ, ಪ್ರೇಕ್ಷಕರು, ಒಳ್ಳೆಯ ಫಿಲ್ಮ್, ವಾರ ವಾರ ತಪ್ಪದ ಶಿಸ್ತು, ಇಷ್ಟನ್ನೂ ಒಂದೇ ಕಡೆ ನಿಲ್ಲಿಸಿ ತೋರಿಸಿದ್ದು ಇವರ ಹೆಚ್ಚುಗಾರಿಕೆ. ಆಮೇಲೆ ಬಂದ ಟಿವಿ ಕಾಮಿಡಿಗಳಲ್ಲಿ ಹೆಚ್ಚಿನವು ಹಿಡಿದದ್ದು ಇದೇ ದಾರಿ.

1951ರ ಅಕ್ಟೋಬರ್ 15, ಸೋಮವಾರ ರಾತ್ರಿ ಒಂಬತ್ತಕ್ಕೆ ಮೊದಲ ಪ್ರಸಾರ. ಕಥೆ ಸರಳ. ನ್ಯೂಯಾರ್ಕ್‌ನ ಒಂದು ಅಪಾರ್ಟ್‌ಮೆಂಟ್. ಕ್ಯೂಬಾದ ಬ್ಯಾಂಡ್ ಮಾಸ್ಟರ್ ರಿಕಿ, ಅವನ ಹೆಂಡತಿ ಲೂಸಿ. ಅವಳಿಗೆ ಹೇಗಾದರೂ ಮಾಡಿ ಗಂಡನ ಶೋನಲ್ಲಿ ಕುಣಿಯಬೇಕು, ಹಾಡಬೇಕು. ಅವಳಿಗೆ ಎರಡೂ ಬರುವುದಿಲ್ಲ. ಮನೆ ಮಾಲೀಕರಾದ ಎಥೆಲ್, ಫ್ರೆಡ್ ಪಾತ್ರಗಳಲ್ಲಿ ವಿವಿಯನ್ ವ್ಯಾನ್ಸ್ ಮತ್ತು ವಿಲಿಯಂ ಫ್ರಾಲಿ.

1952ರ ಸೆಪ್ಟೆಂಬರ್ 15ರಂದು ಬಂದ ಕಂತಿನ ಒಂದು ದೃಶ್ಯ ನೋಡಿದರೆ ಆ ವ್ಯವಸ್ಥೆ ಯಾಕೆ ಬೇಕಿತ್ತು ಅಂತ ತಿಳಿಯುತ್ತದೆ. ಲೂಸಿ, ಎಥೆಲ್ ಚಾಕಲೇಟ್ ಕಾರ್ಖಾನೆಗೆ ಕೆಲಸಕ್ಕೆ ಸೇರುತ್ತಾರೆ. ಎದುರಿಗೆ ಓಡುವ ಬೆಲ್ಟ್. ಬರುವ ಒಂದೊಂದು ಚಾಕಲೇಟನ್ನೂ ಕಾಗದದಲ್ಲಿ ಸುತ್ತಬೇಕು. ಒಂದೇ ಒಂದು ತಪ್ಪಿಸಿಕೊಂಡು ಹೋದರೂ ಕೆಲಸ ಹೋಯಿತು ಅಂತ ಹೇಳಿ ಮೇಲ್ವಿಚಾರಕಿ ಹೊರಡುತ್ತಾಳೆ. ಮೊದಲು ಬೆಲ್ಟ್ ನಿಧಾನ. ಪರವಾಗಿಲ್ಲ, ಆಗುತ್ತೆ ಅನ್ನುವ ಧೈರ್ಯ ಇಬ್ಬರ ಮುಖದಲ್ಲೂ. ಆಮೇಲೆ ಸ್ವಲ್ಪ ವೇಗ. ಇನ್ನೂ ಸ್ವಲ್ಪ. ಕೈ ಸೋತಾಗ ಬಾಯಿಗೆ ತುರುಕುತ್ತಾರೆ. ಬಾಯಿ ತುಂಬಿದಾಗ ಟೋಪಿಯೊಳಗೆ, ಅಂಗಿಯೊಳಗೆ. ಮೇಲ್ವಿಚಾರಕಿ ಬಂದು ನೋಡುತ್ತಾಳೆ, ಬೆಲ್ಟ್ ಖಾಲಿ. ಭೇಷ್ ಅಂದು, ವೇಗ ಇನ್ನೂ ಜಾಸ್ತಿ ಮಾಡಿ ಅಂತ ಕೂಗುತ್ತಾಳೆ.

ಒಂದೇ ಕ್ಯಾಮೆರಾದಲ್ಲಿ ಬಿಡಿ ಬಿಡಿಯಾಗಿ ತೆಗೆದಿದ್ದರೆ ಇದು ಸತ್ತುಹೋಗುತ್ತಿತ್ತು. ಲೂಸಿಲ್‌ನ ಉಬ್ಬಿದ ಕೆನ್ನೆ, ಪಕ್ಕದಲ್ಲಿ ವಿವಿಯನ್‌ನ ಗಾಬರಿ ಕಣ್ಣು, ಎರಡೂ ಅದೇ ಕ್ಷಣದ್ದು. ಕೇಳಿಸುವ ನಗುವೂ ಎದುರಿಗೆ ಕೂತವರದು. ನಗು ಎಲ್ಲಿ ಏರುತ್ತಿದೆ ಅಂತ ಕಿವಿಯಲ್ಲಿ ಹಿಡಿದು ಇಬ್ಬರೂ ಆಟ ಎಳೆಯುತ್ತಾರೆ. ಹಾಗಂತ ಏನೂ ಆ ಕ್ಷಣಕ್ಕೆ ಹುಟ್ಟಿದ್ದಲ್ಲ. ಲೂಸಿಲ್ ರಿಹರ್ಸಲ್ ಹುಚ್ಚಿಗೆ ಸೆಟ್‌ನಲ್ಲಿ ಎಲ್ಲರೂ ಹೆದರುತ್ತಿದ್ದರು. ಕೈಗೆ ಬರುವ ವಸ್ತು ಯಾವುದೇ ಇರಲಿ, ಅದರ ತೂಕ, ಅದು ಜಾರುವ ಬಗೆ ಎಲ್ಲ ಅಭ್ಯಾಸ ಆಗಬೇಕು. ಅದೇ ಕಂತಿನ ಇನ್ನೊಂದು ದೃಶ್ಯದಲ್ಲಿ ಚಾಕಲೇಟ್ ಅದ್ದುವ ಹೆಂಗಸಿನ ಪಾತ್ರಕ್ಕೆ ನಿಜವಾಗಿ ಆ ಕೆಲಸ ಮಾಡುವವರನ್ನೇ ಕರೆಸಿದ್ದರು.

ಹೊಟ್ಟೆಯಲ್ಲಿದ್ದ ಮಗು, ಡಬ್ಬಿಯಲ್ಲಿದ್ದ ಫಿಲ್ಮ್

ಮೊದಲ ಮಗಳು ಹುಟ್ಟಿದ್ದು 1951ರ ಜುಲೈನಲ್ಲಿ, ಶೂಟಿಂಗ್ ಶುರುವಾಗುವ ಮುಂಚೆ. 1952ರಲ್ಲಿ ಮತ್ತೆ ಬಸುರಿ. ಆಗ ಕಾರ್ಯಕ್ರಮ ದೇಶದಲ್ಲೇ ನಂಬರ್ ಒನ್. ಬಸುರಿಯನ್ನು ಟಿವಿಯಲ್ಲಿ ತೋರಿಸುವುದೆಂದರೆ ಆಗ ದೊಡ್ಡ ಮುಜುಗರ. ಕುರ್ಚಿ ಹಿಂದೆ ನಿಲ್ಲಿಸಿ, ಹೊಟ್ಟೆ ಕಾಣಿಸಬೇಡಿ ಅನ್ನುವ ಸಲಹೆಗಳು ಬಂದವು. ಡೆಸಿ ಸಿಗರೇಟ್ ಕಂಪನಿಯ ಮುಖ್ಯಸ್ಥರಿಗೇ ಪತ್ರ ಬರೆದರು. ಆ ಕ್ಯೂಬಾದವನ ತಂಟೆಗೆ ಹೋಗಬೇಡಿ ಅಂತ ಮುಖ್ಯಸ್ಥರು ತಮ್ಮವರಿಗೆ ಚೀಟಿ ಕಳಿಸಿದರು. ಇದು ಡೆಸಿಯೇ ಆಮೇಲೆ ಹೇಳಿಕೊಂಡ ಕಥೆ. ಚೀಟಿಯಲ್ಲಿದ್ದ ಮಾತು ಇಷ್ಟು ಸಭ್ಯವಾಗಿರಲಿಲ್ಲವಂತೆ.

ಕೊನೆಗೆ ಲೂಸಿಯನ್ನೂ ಬಸುರಿ ಮಾಡಿದರು. ಇಂಗ್ಲಿಷಿನಲ್ಲಿ ‘ಪ್ರೆಗ್ನೆಂಟ್’ ಅನ್ನುವ ಪದ ಮಾತ್ರ ಬಳಸುವ ಹಾಗಿಲ್ಲ, ‘ಎಕ್ಸ್‌ಪೆಕ್ಟಿಂಗ್’ ಅನ್ನಬೇಕು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರೊಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ಗುರು ಸ್ಕ್ರಿಪ್ಟ್ ನೋಡಿದರು. ಮೂವರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

1953ರ ಜನವರಿ 19. ಬೆಳಿಗ್ಗೆ ಲೂಸಿಲ್‌ಗೆ ಮೊದಲೇ ದಿನ ಗೊತ್ತು ಮಾಡಿದ್ದ ಸಿಸೇರಿಯನ್, ಗಂಡು ಮಗು. ಅದೇ ರಾತ್ರಿ ಟಿವಿಯಲ್ಲಿ ಲೂಸಿಗೂ ಗಂಡು ಮಗು. ಆ ಕಂತನ್ನು ನವೆಂಬರ್‌ನಲ್ಲೇ ತೆಗೆದಿಟ್ಟಿದ್ದರು. ಅಂದಾಜು 4.4 ಕೋಟಿ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಂಡರು. ಅದನ್ನು ನೋಡಿದವರು 2.9 ಕೋಟಿ.

ಎಲ್ಲರೂ ಹೇಳುವುದು ಈ ಸಂಖ್ಯೆಗಳನ್ನೇ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಸದ್ದಿಲ್ಲದೆ ನಡೆದ ಇನ್ನೊಂದು ಸಂಗತಿ. ಬಾಣಂತಿ ವಾರ ವಾರ ಕಂತು ತೆಗೆಯಲು ಆಗುವುದಿಲ್ಲ. ಲೈವ್ ಆಗಿದ್ದರೆ ಕಾರ್ಯಕ್ರಮ ನಿಲ್ಲಿಸಬೇಕಿತ್ತು. ಇಲ್ಲಿ ಡಬ್ಬಿಯಲ್ಲಿ ಫಿಲ್ಮ್ ಇತ್ತು. ಹಳೆಯ ಕಂತುಗಳನ್ನೇ ಮತ್ತೆ ಹಾಕಿದರು. ಜನ ಬೇಜಾರಿಲ್ಲದೆ ಮತ್ತೆ ನೋಡಿದರು. ಮೊದಲ ಸಲ ಬಂದಾಗ ಎಷ್ಟೋ ಮನೆಗಳಲ್ಲಿ ಟಿವಿಯೇ ಇರಲಿಲ್ಲ, ಅವರಿಗೆ ಎಲ್ಲ ಹೊಸದು. ಒಂದೇ ಸರಕನ್ನು ಎರಡು ಸಲ ಮಾರಬಹುದು ಅಂತ ಆ ವ್ಯಾಪಾರಕ್ಕೆ ಗೊತ್ತಾಗಿದ್ದು ಹೀಗೆ, ಒಂದು ಬಾಣಂತನದಿಂದ.

1953ರ ಸೆಪ್ಟೆಂಬರ್‌ನಲ್ಲಿ ಬೇರೊಂದು ಗಂಡಾಂತರ ಬಂತು. 1936ರಲ್ಲಿ ಲೂಸಿಲ್ ಕಮ್ಯುನಿಸ್ಟ್ ಮತದಾರಳಾಗಿ ಹೆಸರು ಬರೆಸಿದ್ದು ಬಯಲಾಯಿತು. ತಾತನ ಸಮಾಧಾನಕ್ಕೆ ಮಾಡಿದ್ದು ಅಂತ ವಿಚಾರಣೆಯಲ್ಲಿ ಹೇಳಿದ್ದರು. ಆ ಕಾಲದಲ್ಲಿ ಅದು ಕೆಲಸ ಕಳೆಯಲು ಸಾಕಾಗಿತ್ತು. ಆ ವಾರದ ಶೂಟಿಂಗ್‌ನಲ್ಲಿ ಡೆಸಿ ಪ್ರೇಕ್ಷಕರೆದುರು ನಿಂತು, ಲೂಸಿಯಲ್ಲಿ ಕೆಂಪಗಿರುವುದು ಕೂದಲು ಮಾತ್ರ, ಅದೂ ಅಸಲಿಯಲ್ಲ ಅಂದರು. ಜನ ಚಪ್ಪಾಳೆ ಹೊಡೆದರು. ವಿಷಯ ತಣ್ಣಗಾಯಿತು.

ಮಾರಿದ್ದು, ಕೊಂಡದ್ದು

ಆರು ಸೀಸನ್‌ಗಳಲ್ಲಿ ನಾಲ್ಕರಲ್ಲಿ ಮೊದಲ ಸ್ಥಾನ. 1957ರ ಮೇನಲ್ಲಿ ಅರ್ಧ ಗಂಟೆಯ ಕಂತುಗಳು ಮುಗಿದಾಗಲೂ ಮೊದಲ ಸ್ಥಾನದಲ್ಲೇ ಇತ್ತು. ಅಷ್ಟರಲ್ಲಿ ದಂಪತಿ ಹಳೆಯ ಕಂತುಗಳ ಹಕ್ಕನ್ನು ಸಿಬಿಎಸ್‌ಗೇ ಮಾರಿದರು, 50 ಲಕ್ಷ ಡಾಲರ್‌ಗೆ ಹತ್ತಿರದ ಮೊತ್ತಕ್ಕೆ. ಯಾರು ಸುಮ್ನೆ ಬಿಟ್ಟುಕೊಟ್ಟಿದ್ದರೋ ಅವರೇ ದುಡ್ಡು ಕೊಟ್ಟು ಕೊಂಡರು. 1957ರ ಕೊನೆಯ ಹೊತ್ತಿಗೆ ಡೆಸಿಲೂ ಆರ್‌ಕೆಒ ಸ್ಟುಡಿಯೊವನ್ನೇ ಕೊಂಡಿತು, 60 ಲಕ್ಷ ಡಾಲರ್ ದಾಟಿದ ಬೆಲೆಗೆ. ಲೂಸಿಲ್ ಸಂಬಳಕ್ಕೆ ದುಡಿದ ಜಾಗ, ಇಬ್ಬರೂ ಮೊದಲು ಒಬ್ಬರನ್ನೊಬ್ಬರು ಕಂಡ ಜಾಗ.

ಕಥೆ ಇಲ್ಲಿಗೆ ನಿಲ್ಲಿಸಿದರೆ ಬಹಳ ಚೆಂದ. ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಆಮೇಲಿನ ದಶಕಗಳಲ್ಲಿ ಆ 180 ಕಂತುಗಳು ಮತ್ತೆ ಮತ್ತೆ ಓಡಿದವು, ದೇಶ ದೇಶ ಸುತ್ತಿದವು. ಆ ಗಳಿಕೆ ಹೋದದ್ದು ಸಿಬಿಎಸ್‌ಗೆ. ಮರುಪ್ರಸಾರದ ದಾರಿ ತೋರಿಸಿದವರೇ ಅದರ ಬೆಳೆ ಬರುವ ಮುಂಚೆ ಗದ್ದೆ ಮಾರಿದರು. ತಪ್ಪು ಮಾಡಿದರೇ? ನನಗೆ ಹಾಗನ್ನಿಸುವುದಿಲ್ಲ. ಮಾರಲು ಒಂದು ವಸ್ತು ಕೈಯಲ್ಲಿ ಇತ್ತಲ್ಲ, ಅದೇ ದೊಡ್ಡದು. ಸಂಭಾವನೆ ಮಾತ್ರ ಪಡೆದಿದ್ದರೆ 1957ರಲ್ಲಿ ಇಬ್ಬರು ಪ್ರಸಿದ್ಧ ನಟರು ಇರುತ್ತಿದ್ದರು, ಸ್ಟುಡಿಯೊ ಇರುತ್ತಿರಲಿಲ್ಲ.

ಸ್ಟುಡಿಯೊ ದೊಡ್ಡದಾದಷ್ಟೂ ಸಂಸಾರ ಸಣ್ಣದಾಯಿತು. ಕಂಪನಿ ನಡೆಸುವ ಭಾರ ಡೆಸಿ ಮೇಲೆ, ಕುಡಿತವೂ ಹೆಚ್ಚಾಯಿತು. ಗಂಡ ರಾತ್ರಿ ಮನೆಗೆ ಬರಲಿ ಅಂತ ಶುರುಮಾಡಿದ ಕೆಲಸ ಸಾವಿರಾರು ಜನರಿಗೆ ಅನ್ನ ಕೊಟ್ಟಿತು, ಅದೊಂದನ್ನು ಮಾತ್ರ ಕೊಡಲಿಲ್ಲ. 1960ರ ಮಾರ್ಚ್ 2ರಂದು, ಡೆಸಿಯ 43ನೇ ಹುಟ್ಟುಹಬ್ಬದ ದಿನ, ಅರ್ಧ ಗಂಟೆಯವು ಮುಗಿದ ಮೇಲೆ ಮಾಡುತ್ತಿದ್ದ ಒಂದು ಗಂಟೆಯ ಕಂತುಗಳ ಪೈಕಿ ಕೊನೆಯದನ್ನು ತೆಗೆದರು. ಕಥೆಯ ಕೊನೆಗೆ ಲೂಸಿ, ರಿಕಿ ಮುತ್ತಿಟ್ಟು ರಾಜಿಯಾಗಬೇಕು. ಆದರು. ಮರುದಿನ ಲೂಸಿಲ್ ವಿಚ್ಛೇದನಕ್ಕೆ ಅರ್ಜಿ ಹಾಕಿದರು.

1962ರಲ್ಲಿ ಡೆಸಿಯ ಪಾಲನ್ನು ಲೂಸಿಲ್ ಕೊಂಡುಕೊಂಡರು, ಕಂಪನಿಯ ಅಧ್ಯಕ್ಷೆಯಾದರು. ಅಷ್ಟು ದೊಡ್ಡ ಟಿವಿ ಸ್ಟುಡಿಯೊಗೆ ಹೆಂಗಸೊಬ್ಬರು ಯಜಮಾನಿಯಾದದ್ದು ಅದೇ ಮೊದಲು. ಆ ಕುರ್ಚಿ ಅವರಿಗೆ ಇಷ್ಟದ್ದೇನಲ್ಲ. ಬೆಳಿಗ್ಗೆ ಲೆಕ್ಕಪತ್ರ, ಮಧ್ಯಾಹ್ನ ತಮ್ಮ ಹೊಸ ಕಾರ್ಯಕ್ರಮದ ರಿಹರ್ಸಲ್. ಆದರೂ ಒಂದೆರಡು ನಿರ್ಧಾರ ಗಟ್ಟಿಯಾಗಿ ತೆಗೆದುಕೊಂಡರು. ಬಾಹ್ಯಾಕಾಶದ ಕಥೆಯ ‘ಸ್ಟಾರ್ ಟ್ರೆಕ್’ ಸರಣಿಯ ಮೊದಲ ಪೈಲಟನ್ನು ಎನ್‌ಬಿಸಿ ಚಾನೆಲ್ ಬೇಡ ಅಂದಿತು, ಎರಡನೆಯದಕ್ಕೆ ಅವಕಾಶ ಕೊಟ್ಟಿತು. ಇಷ್ಟು ಖರ್ಚಿನ ಕೆಲಸ ನಮಗೆ ಬೇಡ ಅಂತ ಡೆಸಿಲೂ ಆಡಳಿತ ಮಂಡಳಿಯಲ್ಲೇ ವಿರೋಧ ಇತ್ತು. ಲೂಸಿಲ್ ಮಾಡೋಣ ಅಂದರು. 1966ರ ಸೆಪ್ಟೆಂಬರ್‌ನಲ್ಲಿ ಅದೂ ‘ಮಿಷನ್: ಇಂಪಾಸಿಬಲ್’ ಅನ್ನುವ ಡೆಸಿಲೂದ ಇನ್ನೊಂದು ಸರಣಿಯೂ ತೆರೆಗೆ ಬಂದವು.

ಮರುವರ್ಷ, 1967ರಲ್ಲಿ, ಡೆಸಿಲೂ ಕಂಪನಿಯನ್ನೇ 1.7 ಕೋಟಿ ಡಾಲರ್‌ಗೆ ಗಲ್ಫ್ ಅಂಡ್ ವೆಸ್ಟರ್ನ್ ಅನ್ನುವ ಕಂಪನಿಗೆ ಮಾರಿದರು. ‘ಸ್ಟಾರ್ ಟ್ರೆಕ್’ ನಿಜವಾಗಿ ಜನಪ್ರಿಯವಾಗಿದ್ದು ಅದಾದ ಮೇಲೆ, ಎಪ್ಪತ್ತರ ದಶಕದ ಮರುಪ್ರಸಾರಗಳಲ್ಲಿ. ಎರಡನೇ ಸಲವೂ ಗದ್ದೆ ಹೋದ ಮೇಲೆ ಬೆಳೆ ಬಂತು.

ಪಾಲು ಹಂಚಿದ ರೀತಿ

1974ರ ತನಕ ಒಂದಲ್ಲ ಒಂದು ಹೆಸರಿನಲ್ಲಿ ಲೂಸಿಲ್ ವಾರ ವಾರ ಟಿವಿಯಲ್ಲಿ ಇದ್ದರು. 1986ರಲ್ಲಿ, 75ನೇ ವಯಸ್ಸಿಗೆ, ಎಬಿಸಿ ಚಾನೆಲ್‌ಗೆ ಮತ್ತೊಂದು ಕಾಮಿಡಿ ಒಪ್ಪಿಕೊಂಡರು. ಹದಿಮೂರು ಕಂತು ತೆಗೆದರು, ಎಂಟು ಪ್ರಸಾರ ಆದವು. ವಯಸ್ಸಾದ ಹೆಂಗಸು ಏಣಿಯಿಂದ ಜಾರಿದರೆ ಜನಕ್ಕೆ ನಗು ಬರುವುದಿಲ್ಲ, ಭಯ ಆಗುತ್ತದೆ. ನವೆಂಬರ್ ಹೊತ್ತಿಗೆ ಚಾನೆಲ್ ಅದನ್ನು ನಿಲ್ಲಿಸಿತು. ಡಿಸೆಂಬರ್ 2ರಂದು ಡೆಸಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಅದಾಗಿ ಐದು ದಿನಕ್ಕೆ ವಾಷಿಂಗ್ಟನ್‌ನಲ್ಲಿ ಕಲಾವಿದರಿಗೆ ಕೊಡುವ ಕೆನಡಿ ಸೆಂಟರ್ ಗೌರವದ ಸಮಾರಂಭ, ಆ ವರ್ಷ ಲೂಸಿಲ್‌ಗೂ ಗೌರವ. ಲೂಸಿಲ್ ಮೇಲಿನ ಬಾಲ್ಕನಿಯಲ್ಲಿ ಎರಡನೇ ಗಂಡ ಗ್ಯಾರಿ ಮಾರ್ಟನ್ ಜೊತೆ ಕೂತಿದ್ದರು. ವೇದಿಕೆಗೆ ನಟ ರಾಬರ್ಟ್ ಸ್ಟ್ಯಾಕ್ ಬಂದರು. ಡೆಸಿಲೂ ತೆಗೆದ ಪೊಲೀಸ್ ಸರಣಿಯಿಂದ ಹೆಸರಾದವರು. ಡೆಸಿ ಸಾಯುವ ಮುಂಚೆ ಈ ಸಂಜೆಗಾಗಿ ಬರೆದಿಟ್ಟಿದ್ದ ಮಾತುಗಳು ಅವರ ಕೈಯಲ್ಲಿದ್ದವು.

ಅದರಲ್ಲೂ ಪಾಲಿನ ಲೆಕ್ಕವೇ. ಆ ಕಾರ್ಯಕ್ರಮದ ಗೆಲುವನ್ನು ಬರೆದವರು, ನಿರ್ದೇಶಕರು, ನಟರಿಗೆ ಹಂಚಿ ಅಂತ ಒಂದು ಪತ್ರಿಕೆ ಕೇಳಿತ್ತು. ನೂರಕ್ಕೆ ತೊಂಬತ್ತು ಲೂಸಿಗೆ ಕೊಡಿ, ಉಳಿದ ಹತ್ತನ್ನು ನಾವೆಲ್ಲ ಹಂಚಿಕೊಳ್ಳುತ್ತೇವೆ ಅಂದೆ, ಅಂತ ಡೆಸಿ ಬರೆದಿದ್ದರು. ಫಿಲ್ಮ್‌ನಲ್ಲೇ ತೆಗೆಯೋಣ ಅಂದವರು, ಫ್ರಾಯಿಂಡ್‌ರನ್ನು ಕರೆತಂದವರು, ಒಪ್ಪಂದಕ್ಕೆ ಆ ಒಂದು ಸಾಲು ಸೇರಿಸಿದವರು ತಮ್ಮ ಪಾಲಿಗೆ ಇಟ್ಟುಕೊಂಡದ್ದು ಹತ್ತರಲ್ಲಿ ಒಂದು ಚೂರು. ನಾನು, ವಿವಿಯನ್, ಫ್ರಾಲಿ ಎಲ್ಲ ಸೆಟ್‌ನ ಸಾಮಾನುಗಳ ಹಾಗೆ, ಒಳ್ಳೆಯ ಸಾಮಾನುಗಳೇ ಬಿಡಿ, ಆದರೂ ಸಾಮಾನುಗಳೇ, ಅಂತಲೂ ಬರೆದಿದ್ದರು.

ಕೊನೆಗೆ ತಾಜಾಕಲಂ ಥರ ಒಂದು ಸಾಲು. ‘ಐ ಲವ್ ಲೂಸಿ’ ಅನ್ನುವುದು ಯಾವತ್ತೂ ಬರೀ ಶೀರ್ಷಿಕೆ ಆಗಿರಲಿಲ್ಲ. ಸ್ಟ್ಯಾಕ್ ಅದನ್ನು ಓದಿದರು. ಕ್ಯಾಮೆರಾ ಬಾಲ್ಕನಿಯತ್ತ ತಿರುಗಿತು. ಲೂಸಿಲ್ ಕಣ್ಣೀರು ತಡೆಯಲು ಹೆಣಗುತ್ತಿದ್ದರು.